ಸನ್ಮತಿಗೆ ಮೊದಲ ಗುಟುಕು ಯಾವ ನೀರು?

ಕುಡಿಯುವ ನೀರಿನ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನೀವು ನಮಗೆ ಕುಡಿಸುತ್ತಿರುವ ನೀರಿನಲ್ಲಿ ಪ್ಲಾಸ್ಟಿಕ್ ಇದೆ. ಇದು ನನ್ನ ತಕರಾರು. ವಂದನೆ, ಕ್ಷೇಮ ಸಮಾಚಾರ, ‘ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಲ್ಲವನ್ನೂ ಹಿಂದಿನ ಅರ್ಜಿಗಳಲ್ಲಿ ಬರೆದು ಮುಗಿಸಿದ್ದೇನೆ. ಆ ಅರ್ಜಿಗಳು ನಿಮ್ಮ ಕಚೇರಿಯಲ್ಲಿ ಎಲ್ಲೋ ನಿದ್ದೆ ಹೊಡೆಯುತ್ತಿವೆ. ಎಬ್ಬಿಸಬೇಡಿ, ಪಾಪ. ಈ ಸಲ ಊರೆಲ್ಲ ಓದಲಿ ಎಂದೇ ಪತ್ರಿಕೆಗೆ ಬರೆಯುತ್ತಿದ್ದೇನೆ. ನನಗೆ ಅವಸರವಿದೆ. ನನ್ನ ಮಗಳ ಗಂಡುಕೂಸು ಸನ್ಮತಿಗೆ ಮುಂದಿನ ವಾರ ಆರು ತಿಂಗಳು ತುಂಬುತ್ತದೆ. ಆರು ತಿಂಗಳ ತನಕ ತಾಯಿಯ ಹಾಲು ಬಿಟ್ಟು ಒಂದು ಹನಿ ನೀರೂ ಕೊಡಬೇಡಿ ಎಂದು ಹೇಳಿದ್ದು ಸರಕಾರವೇ. ನಾವು ಕೊಡಲಿಲ್ಲ. ಇನ್ನು ಕೊಡಬೇಕು. ಯಾವ ನೀರು ಕೊಡಲಿ?

ನಾನು ಅಕ್ಕುತಾಯಿ. ಕಾಗವಾಡ ತಾಲೂಕಿನ ಶಿರಗುಪ್ಪಿ ಕಡೆಯ ಹುಣಸಿ ಮಳಾದವಳು. ಮಳಾ ಎಂದರೆ ಊರು ಬಿಟ್ಟು ಕಬ್ಬಿನ ಹೊಲಗಳ ನಡುವೆ ಇರುವ ಹತ್ತಾರು ಮನೆಗಳ ವಸತಿ. ನಕಾಶೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಮತದಾರರ ಯಾದಿಯಲ್ಲಿ ಮಾತ್ರ ತಪ್ಪದೆ ಸಿಗುತ್ತದೆ. ನಾನು ಒಂದು ಅವಧಿಗೆ ಪಂಚಾಯತಿ ಸದಸ್ಯೆಯಾಗಿದ್ದವಳು. ಠರಾವು, ಷರಾ, ಟಿಪ್ಪಣಿ ಎಂಬ ನಿಮ್ಮ ಭಾಷೆ ಅಲ್ಲೇ ಕಲಿತದ್ದು. ಸಿಟ್ಟು ಬಂದಾಗ ಮಾತ್ರ ಆ ಭಾಷೆ ಕೈಕೊಟ್ಟು ಮನೆಮಾತು ನುಗ್ಗಿಬಿಡುತ್ತದೆ. ಈ ಪತ್ರದಲ್ಲಿ ಹಾಗಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವು ಜೈನರು. ನಮ್ಮ ಮನೆಗಳಲ್ಲಿ ಸೋಸದ ನೀರು ಕುಡಿಯುವುದಿಲ್ಲ. ದಪ್ಪ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿ ನೀರು ಸೋಸುತ್ತೇವೆ. ಆಮೇಲೆ ಆ ಬಟ್ಟೆಯನ್ನು ಹಿಂಡುವ ಹಾಗಿಲ್ಲ. ಅದರಲ್ಲಿ ಸಿಕ್ಕಿರಬಹುದಾದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದಲ್ಲ! ಸೋಸಿದ ನೀರಿನಿಂದಲೇ ಬಟ್ಟೆಯನ್ನು ಮೆಲ್ಲಗೆ ತೊಳೆದು, ಅವು ಎಲ್ಲಿಂದ ಬಂದವೋ ಅಲ್ಲಿಗೇ ಮರಳಿ ಬಿಡುತ್ತೇವೆ. ಬಾವಿಯವು ಬಾವಿಗೆ, ಹೊಳೆಯವು ಹೊಳೆಗೆ. ನಗುವವರು ನಕ್ಕಿದ್ದಾರೆ, ನಗಲಿ. ನನ್ನ ಅತ್ತೆ ಮಾಡುತ್ತಿದ್ದಳು, ಅವಳ ಅತ್ತೆ ಮಾಡುತ್ತಿದ್ದಳು, ಮದುವೆಯಾಗಿ ಬಂದ ಮರುದಿನದಿಂದ ನಾನೂ ಮಾಡುತ್ತಿದ್ದೇನೆ.

ಹೀಗಿದ್ದ ನಮ್ಮ ಮಳಾಕ್ಕೆ ನಿಮ್ಮ ಕಚೇರಿಯ ಅಭಿವೃದ್ಧಿ ಬಂತು. ನೀರು ತುಂಬುವ ಹಳೆಯ ಸಿಮೆಂಟಿನ ಟಾಕಿ ಸೋರುತ್ತಿತ್ತು, ಒಪ್ಪುತ್ತೇನೆ. ಅದನ್ನು ಕೆಡವಿ ಕಬ್ಬಿಣದ ಅಟ್ಟಣಿಗೆಯ ಮೇಲೆ ನೀಲಿ ಬಣ್ಣದ ಪ್ಲಾಸ್ಟಿಕ್ ಟಾಕಿ ಕೂಡಿಸಿದಿರಿ. ಉದ್ಘಾಟನೆಯ ದಿನ ರಿಬ್ಬನ್ನು ಕತ್ತರಿಸಿದಿರಿ, ಪ್ಲಾಸ್ಟಿಕ್ ಹಾರ ಹಾಕಿಸಿಕೊಂಡಿರಿ, ಇನ್ನು ಮೂವತ್ತು ವರ್ಷ ಚಿಂತೆಯಿಲ್ಲ ಎಂದು ಭಾಷಣ ಮಾಡಿದಿರಿ. ಟಾಕಿಗೆ ನೆರಳಿಲ್ಲ, ಮುಚ್ಚಳ ಗಟ್ಟಿಯಿಲ್ಲ. ನಮ್ಮ ಕಡೆಯ ಬಿಸಿಲು ನಿಮಗೇನು ಗೊತ್ತಿಲ್ಲದ್ದಲ್ಲ. ಎರಡನೆಯ ಬೇಸಿಗೆ ಮುಗಿಯುವಷ್ಟರಲ್ಲಿ ಟಾಕಿಯ ಒಳಮೈ ಉಳ್ಳಾಗಡ್ಡಿ ಸಿಪ್ಪೆಯಂತೆ ಏಳತೊಡಗಿತು. ನಾವು ಉಳ್ಳಾಗಡ್ಡಿ ತಿನ್ನುವವರಲ್ಲ, ಆದರೂ ಸಿಪ್ಪೆ ಹೇಗೆ ಏಳುತ್ತದೆಂದು ಗೊತ್ತು. ಅಂದಿನಿಂದ ಸೋಸುವ ಬಟ್ಟೆಯ ಮೇಲೆ ನೀಲಿ ಚೂರು. ಕೆಲವು ಎಳ್ಳಿನಷ್ಟು, ಕೆಲವು ರಂಗೋಲಿ ಪುಡಿಯಷ್ಟು ಸಣ್ಣ.

ಈಗ ಹೇಳಿ, ಬಟ್ಟೆಗೆ ಸಿಕ್ಕದ್ದನ್ನು ಬಂದಲ್ಲಿಗೇ ಬಿಡಬೇಕೆಂಬುದು ನಮ್ಮ ನಿಯಮ. ಈ ಚೂರುಗಳನ್ನು ಎಲ್ಲಿಗೆ ಬಿಡಲಿ? ಟಾಕಿಗೆ ಬಿಟ್ಟರೆ ಮರುದಿನ ನನ್ನ ಕೊಡಕ್ಕೇ ಬರುತ್ತವೆ. ಹೊಲಕ್ಕೆ ಚೆಲ್ಲಿದರೆ ಅಲ್ಲಿ ಹನಿ ನೀರಾವರಿಯ ಹಳೇ ಪೈಪಿನ ತುಂಡುಗಳು ಮೊದಲೇ ಸಂಸಾರ ಹೂಡಿವೆ. ನಿಯಮದ ಪ್ರಕಾರ ಅವು ಹೊರಟದ್ದು ನಿಮ್ಮ ಮೇಜಿನಿಂದ, ಮಂಜೂರಾತಿಯ ಸಹಿಯಿಂದ. ಹಾಗಾಗಿ ಒಂದು ಸ್ಟೀಲಿನ ತಾಟಿನಲ್ಲಿ ಅವನ್ನು ಹಾಕಿಕೊಂಡು, ಮೇಲೆ ಇನ್ನೊಂದು ತಾಟು ಮುಚ್ಚಿಕೊಂಡು, ಬಸ್ಸು ಹತ್ತಿ ನಿಮ್ಮ ಕಚೇರಿಗೆ ಬಂದೆ.

ನಿಮ್ಮ ಬಾಗಿಲಲ್ಲಿ ‘ಪ್ಲಾಸ್ಟಿಕ್ ಮುಕ್ತ ಕಚೇರಿ’ ಎಂಬ ದೊಡ್ಡ ಫಲಕ ನೇತಾಡುತ್ತಿತ್ತು. ಫ್ಲೆಕ್ಸಿನದು. ಅದನ್ನು ಯಾವುದರಿಂದ ಮಾಡುತ್ತಾರೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ? ಒಳಗೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಕೂಡ್ರಿ ಎಂದರು. ಕೂತೆ. ಕೂತಿದ್ದಾಗಲೇ ಮೀಟಿಂಗಿಗೆ ಚಹ ಬಂತು. ಯಾವುದರಲ್ಲಿ? ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ, ಬಾಯಿಗೆ ಗಂಟು ಹಾಕಿ, ಹೊಗೆಯಾಡುವಂಥ ಚಹ! ಕಬ್ಬು ಕಡಿಯುವವರಿಗೆ ಹೊಲಕ್ಕೆ ಒಯ್ಯುತ್ತಾರಲ್ಲ, ಥೇಟ್ ಅದೇ ಪಾರ್ಸಲ್. ಮೀಟಿಂಗಿನ ವಿಷಯ ಏನು ಎಂದು ಕೇಳಿದೆ. ‘ಏಕಬಳಕೆ ಪ್ಲಾಸ್ಟಿಕ್ ನಿಷೇಧದ್ದು ರೀ’ ಅಂದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ನಿಮ್ಮನ್ನು ಬೈಯುವ ಮೊದಲು ನನಗೆ ನಿಮ್ಮ ಬಗ್ಗೆ ಮರುಕವೇ ಬಂತು. ಆ ಚಹ ನಿಮ್ಮ ಹೊಟ್ಟೆಗೂ ಹೋಯಿತಲ್ಲ! ನಿಮ್ಮ ಭೇಟಿ ಆಗಲಿಲ್ಲ. ತಾಟನ್ನು ಒಳಗೆ ಕಳಿಸಿದೆ, ಖಾಲಿಯಾಗಿ ತಿರುಗಿ ಬಂತು.

ಒಂದು ಫಲ ಸಿಕ್ಕಿತು. ಕೆಲವು ದಿನಗಳ ಮೇಲೆ ನಿಮ್ಮ ಕಿರಿಯ ಎಂಜಿನಿಯರ್ ನಮ್ಮ ಮಳಾಕ್ಕೆ ಬಂದರು. ಸಂಗ್ರಾಮ ಎಂದು ಹೆಸರು, ಒಳ್ಳೆಯ ಮನೆಯ ಹುಡುಗ, ಅವರ ಮೇಲೆ ನನ್ನ ಸಿಟ್ಟಿಲ್ಲ. ಏಣಿ ಹತ್ತಿ ಟಾಕಿಯೊಳಗೆ ಇಣುಕಿ ಇಳಿದರು.

“ಅವ್ವಾರ, ಟಾಕಿ ಐಎಸ್ಐ ಮಾರ್ಕಿಂದು ಐತ್ರಿ. ಪಾಸಾದ ಮಾಲು,” ಅಂದರು.

“ಮಾರ್ಕು ಹೊರಗ ಐತಿ ತಮ್ಮಾ, ನೀರು ಒಳಗ ಐತಿ,” ಅಂದೆ.

“ಸ್ವಲ್ಪ ಪದರು ಎದ್ದೈತ್ರಿ. ಏನ್ ಆಗೂದಿಲ್ಲ. ಹೊಟ್ಟ್ಯಾಗ ಹೋದದ್ದು ಹೊರಗ ಬರತೈತಿ.”

“ಎಲ್ಲಾ ಹೊರಗ ಬರತೈತೇನು? ರಕ್ತದಾಗ ಸಿಕ್ಕಾವು, ಬಾಣಂತಿ ಮಾಸಿನ್ಯಾಗ ಸಿಕ್ಕಾವು ಅಂತ ಪೇಪರ್‌ನ್ಯಾಗ ಬಂದೈತೆಲ್ಲ, ಅವು ಯಾಕ ಹೊರಗ ಬರಲಿಲ್ಲ?”

ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಹಗೆಯವನು ಬಂದರೂ ನೀರು ಮೊದಲು, ಜಗಳ ಆಮೇಲೆ. ತಂಬಿಗೆಯಲ್ಲಿ ನೀರು ತಂದಿಟ್ಟೆ. ಅವರು ತಂಬಿಗೆ ನೋಡಿದರು, ನನ್ನ ಮುಖ ನೋಡಿದರು, ಹೆಗಲ ಚೀಲದಿಂದ ಬಾಟಲಿ ತೆಗೆದು ಎರಡು ಗುಟುಕು ಕುಡಿದರು.

“ಯಾಕೋ ಯಪ್ಪಾ, ನಮ್ಮ ನೀರು ಬ್ಯಾಡೇನು?”

“ಗಂಟಲ ಹಿಡದೈತ್ರಿ ಅವ್ವಾರ. ನೀರು ಬದಲಾದ್ರ ತ್ರಾಸ ಆಗತೈತಿ.”

ನನ್ನ ಹೊಸ್ತಿಲಲ್ಲಿ ಕೂತು ನೀರು ಬೇಡ ಎಂದವರು ಅವರೊಬ್ಬರೇ. ಅವರ ಬಾಟಲಿಯ ನೀರಿನಲ್ಲೂ ಪ್ಲಾಸ್ಟಿಕ್ಕಿನ ಕಣಗಳು ರಾಶಿ ರಾಶಿ ಸಿಕ್ಕಿವೆ ಎಂದು ಓದಿದ್ದೆ, ಹೇಳಿ ಹೆದರಿಸುವ ಮನಸ್ಸಾಗಲಿಲ್ಲ. ಆದರೆ ನಿಮ್ಮನ್ನು ಕೇಳುತ್ತೇನೆ. ನೀರು ಅಷ್ಟು ಯೋಗ್ಯವಾಗಿದ್ದರೆ ನಿಮ್ಮ ಎಂಜಿನಿಯರ್ ಯಾಕೆ ಕುಡಿಯಲಿಲ್ಲ? ಸಿದ್ಧೌಷಧ ಕೊಟ್ಟ ವೈದ್ಯ ತಾನೇ ನೆಕ್ಕಿ ತೋರಿಸುವುದಿಲ್ಲವೇ?

ನಮ್ಮ ಯಜಮಾನರ ಹೆಸರು ಬಾಯಿಬಿಟ್ಟು ಹೇಳಬಾರದು, ಬರೆಯಬಹುದೆಂದುಕೊಂಡು ಬರೆಯುತ್ತೇನೆ, ಸತ್ತೆಪ್ಪ. ಅವರು ಮಹಾ ಶಾಂತ ಮನುಷ್ಯ. “ಯಾಕ ತಲಿ ಕೆಡಿಸ್ಕೋತಿ? ನಾವು ಸೋಸ್ತೀವಲ್ಲ, ನಮಗೇನು ಆಗೂದೈತಿ,” ಎಂದರು. ಖರೆ ಹೇಳಬೇಕೆಂದರೆ ನನಗೂ ಒಳಗೊಳಗೇ ಅದೇ ಧೈರ್ಯ. ಊರೆಲ್ಲ ಕುಡಿದರೂ ನಮ್ಮ ಬಟ್ಟೆ ನಮ್ಮನ್ನು ಕಾಯುತ್ತದೆ ಎಂದು. ಕೂಸಿಗೆ ನೀರು ಹಿಡಿಸುವ ದಿನ ಹತ್ತಿರ ಬಂತಲ್ಲ, ಅವನ ನೀರನ್ನು ನಾಲ್ಕು ಮಡಿಕೆಯಲ್ಲಿ ಸೋಸೋಣ ಎಂದು ಇನ್ನಷ್ಟು ಬಟ್ಟೆ ತರಲು ಕಾಗವಾಡದ ಪೇಟೆಗೆ ಹೋದೆ. ಇಸಾಕಭಾಯಿಯದು ತಲೆಮಾರಿನ ಬಟ್ಟೆ ಅಂಗಡಿ. ನಮ್ಮ ಮನೆಯ ಎಲ್ಲ ಮದುವೆಯ ಜವಳಿ ಅಲ್ಲಿಯದೇ. ಮಾದರಿಗೆಂದು ನಮ್ಮ ಸೋಸುವ ಬಟ್ಟೆ ತೋರಿಸಿ, ಇಂಥದ್ದೇ ಬೇಕು ಎಂದೆ.

ಆ ಬಟ್ಟೆಯ ಕಥೆ ಹೇಳಬೇಕು. ಮೊದಲು ಮಾದರಪಾಟ ಎಂಬ ದಪ್ಪ ಹತ್ತಿ ಬಟ್ಟೆಯಲ್ಲೇ ಸೋಸುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ನಮ್ಮ ಜೈನ ಬಸ್ತಿಯಲ್ಲಿ ಒಂದು ಮನೆತನದವರು ವ್ರತ ಮುಗಿಸಿದ ಸಂತೋಷಕ್ಕೆ ಮನೆಮನೆಗೂ ಅಂಚು ಹೊಲಿದ ಸೋಸುವ ಬಟ್ಟೆ ಹಂಚಿದರು. ಹಾಲಿನಂಥ ಬಿಳುಪು. ಚಟ್ಟನೆ ಒಣಗುತ್ತದೆ, ಕಲೆ ಹಿಡಿಯುವುದಿಲ್ಲ, ಹರಿಯುವ ಮಾತೇ ಇಲ್ಲ. ಹೆಂಗಸರೆಲ್ಲ ಅವರಿಗೆ ಪುಣ್ಯ ಬರಲಿ ಎಂದು ಹರಸಿದೆವು. ಇಡೀ ಮಳಾ ಅದರಲ್ಲೇ ಸೋಸುತ್ತಿದೆ.

ಇಸಾಕಭಾಯಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. “ಅಕ್ಕಾ, ಇದರಾಗ ಹತ್ತಿ ಕಡಿಮಿ ಐತ್ರಿ,” ಎಂದರು. ನಾನು ನಂಬಲಿಲ್ಲ. ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದರು. “ಹತ್ತಿ ಆಗಿದ್ರ ಬೂದಿ ಆಗಿ ಉದುರ್ತಿತ್ತು. ಇದು ನೋಡ್ರಿ, ಕರಗಿ ಗುಂಡಾಗಾಕತ್ತೈತಿ. ಪಾಲಿಸ್ಟರ್ ರೀ ಇದು, ಪ್ಲಾಸ್ಟಿಕ್ಕಿನ ನೂಲು.” ಸುಟ್ಟ ಬಕೆಟ್ಟಿನ ವಾಸನೆ ಮೂಗಿಗೆ ಹೊಡೆಯಿತು. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು ನೀರು ಸೋಸುವ ಜನ ನಾವು, ಇಷ್ಟು ವರ್ಷ ಪ್ಲಾಸ್ಟಿಕ್ಕಿನ ಟಾಕಿಯ ನೀರನ್ನು ಪ್ಲಾಸ್ಟಿಕ್ಕಿನ ಬಟ್ಟೆಯಲ್ಲಿ ಸೋಸಿ, ಭಕ್ತಿಯಿಂದ ಕುಡಿದಿದ್ದೇವೆ! ಅಂಗಡಿಯಲ್ಲೇ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಇಸಾಕಭಾಯಿ ಗಾಬರಿಯಾಗಿ ಚಹ ತರಿಸಲೇ ಎಂದರು. ಗಾಜಿನ ಗ್ಲಾಸಿನಲ್ಲಾದರೆ ತರಿಸು ಎಂದೆ.

ಇದನ್ನು ಓದಿ ನೀವು ಕುರ್ಚಿಯಲ್ಲಿ ನೆಟ್ಟಗೆ ಕೂತಿರುತ್ತೀರಿ, ಗೊತ್ತು. ‘ಹಾಗಾದರೆ ಚೂರುಗಳು ಆ ಬಟ್ಟೆಯವೇ, ಕಡತ ಮುಚ್ಚಿ!’ ಎಂದು ಷರಾ ಬರೆಯುವ ಮೊದಲು ಸ್ವಲ್ಪ ತಡೆಯಿರಿ. ಬಟ್ಟೆ ಬಿಳಿ, ಚೂರು ನೀಲಿ. ನಮ್ಮ ತಪ್ಪಿಗೆ ನಾವು ಬಟ್ಟೆ ಬದಲಿಸಿದೆವು. ಒಂದೇ ದಿನದಲ್ಲಿ, ಟೆಂಡರ್ ಕರೆಯದೆ, ಮಳಾದ ಎಲ್ಲ ಮನೆಗಳಲ್ಲೂ. ನಿಮ್ಮ ತಪ್ಪಿಗೆ ನೀವು ಟಾಕಿ ಬದಲಿಸುವುದು ಯಾವಾಗ? ಅಲ್ಲದೆ ಹೊಸದಾಗಿ ತಂದ ಮಾದರಪಾಟ ಹಿಡಿಯುವುದು ಕಣ್ಣಿಗೆ ಕಾಣುವ ಚೂರನ್ನು. ಒಡೆದು ಒಡೆದು ನುಣ್ಣಗಾಗಿ ಕಾಣದಂತಾದದ್ದು ನಾಲ್ಕಲ್ಲ, ನಲವತ್ತು ಮಡಿಕೆ ಮಾಡಿದರೂ ಪಾರಾಗಿ ಹೋಗುತ್ತದೆ. ಕುದಿಸಿದರೆ ಒಂದಿಷ್ಟು ತಳ ಹಿಡಿಯುತ್ತದೆ ಅನ್ನುತ್ತಾರೆ, ಪೂರ್ತಿ ಅಲ್ಲ.

ಇನ್ನು ಬರೆಯುವುದು ನನಗೆ ಕಷ್ಟದ ಮಾತು. ಪೇಟೆಯಿಂದ ಬಂದವಳು ಸಿಟ್ಟಿನ ಭರದಲ್ಲಿ ಎಲ್ಲವನ್ನೂ ಮಗಳ ಎದುರಿಗೇ ಒದರಿಬಿಟ್ಟೆ. ಮಗಳು ಶುಭಾಂಗಿ, ಗಂಡನ ಮನೆ ನಿಪ್ಪಾಣಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು. ಅವಳು ಮೊಬೈಲಿನಲ್ಲಿ ಏನೇನೋ ಓದಿದ್ದಾಳೆ. ಸಂಜೆ ಕೂಸು ಹಸಿದು ಕಿರುಚುತ್ತಿದೆ, ಇವಳು ಗೋಡೆಗೆ ಒರಗಿ ಕೂತಿದ್ದಾಳೆ, ಎತ್ತಿಕೊಳ್ಳುತ್ತಿಲ್ಲ.

“ಯಾಕ ಬೇ, ಕೂಸು ಅಳಾಕತ್ತೈತಿ, ಕಿವಿ ಕೇಳಸೂದಿಲ್ಲೇನು?” ಎಂದು ಜೋರು ಮಾಡಿದೆ.

“ಅವ್ವಾ, ತಾಯಿ ಹಾಲಿನ್ಯಾಗೂ ಅದು ಸಿಕ್ಕೈತಂತ. ನಾ ಕುಡದದ್ದು ಇದೇ ನೀರು. ನನ್ನ ಹಾಲಿನ್ಯಾಗೂ ಇದ್ದರ? ನಾನಽ ನನ್ನ ಕೂಸಿಗೆ ಅದನ್ನ ಕುಡಿಸಿಧಂಗ ಆಗೂದಿಲ್ಲೇನವ್ವಾ?”

ಎದೆ ಹಾಲಿನಿಂದ ಸೀರೆ ತೊಯ್ದಿದೆ, ಕೂಸು ತೊಟ್ಟಿಲಲ್ಲಿ ಹೊರಳುತ್ತಿದೆ, ತಾಯಿ ಹೆದರಿ ಕೂತಿದ್ದಾಳೆ. ನಾನು ಕೂಸನ್ನು ಎತ್ತಿ ಬಲವಂತವಾಗಿ ಅವಳ ಮಡಿಲಿಗೆ ಹಾಕಿದೆ. ಅದು ಕುಡಿಯಿತು. ಅವಳು ಅಳುತ್ತಲೇ ಕುಡಿಸಿದಳು. ಮಾನ್ಯರೇ, ಒಬ್ಬ ತಾಯಿಗೆ ತನ್ನ ಹಾಲಿನ ಮೇಲೆಯೇ ಸಂಶಯ ಬಂತು. ನಿಮ್ಮ ಪ್ರಗತಿ ವರದಿಯಲ್ಲಿ ಇದಕ್ಕೆ ಕಾಲಂ ಇದೆಯೇ? ಇದ್ದರೆ ತುಂಬಿಕೊಳ್ಳಿ.

ಮರುದಿನವೇ ಇಬ್ಬರನ್ನೂ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದೆ. ಅವರು ಶುಭಾಂಗಿಯ ಕೈ ಹಿಡಿದು ಹೇಳಿದರು, “ತಾಯಿ ಹಾಲು ಬಿಡಸಬ್ಯಾಡ್ರಿ. ಕೂಸಿಗೆ ಅದಕ್ಕಿಂತ ಒಳ್ಳೇದು ಇನ್ನೂ ಜಗತ್ತಿನ್ಯಾಗ ಹುಟ್ಟಿಲ್ಲ.” ನಾನು ಬಿಡಲಿಲ್ಲ, ಈ ಕಣಗಳು ಮೈಯೊಳಗೆ ಹೋಗಿ ಏನು ಮಾಡುತ್ತವೆ ಎಂದು ಕೇಳಿದೆ. ಅವರು ನೇರವಾಗಿ ಹೇಳಿದರು, “ಮೈಯಾಗ ಸಿಕ್ಕಾವ ಅನ್ನೂದು ಖರೆ. ಕುತ್ತಿಗಿ ರಕ್ತನಾಳದಾಗ ಇವು ಸಿಕ್ಕವರಿಗೆ ಹಾರ್ಟ್ ಅಟ್ಯಾಕು, ಲಕ್ವಾ ಹೆಚ್ಚು ಆಗಿದ್ದು ಇಟಲಿ ಕಡೆ ಡಾಕ್ಟರು ನೋಡ್ಯಾರ. ಆದ್ರ ಇದರಿಂದನಽ ಆತು ಅಂತ ಸಿದ್ಧ ಆಗಿಲ್ಲ. ಸಣ್ಣ ಕೂಸಿಗೆ ಮುಂದ ಏನು ಅಂತ ನನಗ ಗೊತ್ತಿಲ್ರಿ. ಯಾರಿಗೂ ಪೂರಾ ಗೊತ್ತಿಲ್ಲ. ಆದಷ್ಟು ದೂರ ಇಡ್ರಿ.” ಗೊತ್ತಿಲ್ಲ ಎಂದ ಆ ಹೆಣ್ಣುಮಗಳ ಮೇಲೆ ನನಗೆ ಗೌರವ ಹೆಚ್ಚಾಯಿತು.

ಅದೇ ವಾರ ನಿಮ್ಮ ಉತ್ತರವೂ ಬಂತು. ಓದುಗರಿಗಾಗಿ ಅದರ ಸಾರ ಬರೆಯುತ್ತೇನೆ. ಕುಡಿಯುವ ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಎಷ್ಟಿರಬಹುದು ಎಂಬುದಕ್ಕೆ ನಿಗದಿತ ಮಾನದಂಡ ಇಲ್ಲ. ಮಾನದಂಡ ಇಲ್ಲವಾದ್ದರಿಂದ ಪರೀಕ್ಷೆ ಮಾಡಲಾಗಿಲ್ಲ. ಪರೀಕ್ಷೆಯಲ್ಲಿ ಯಾವುದೇ ದೋಷ ಕಂಡುಬಂದಿಲ್ಲವಾದ್ದರಿಂದ ನೀರು ಕುಡಿಯಲು ಯೋಗ್ಯವಾಗಿದೆ. ನಾನು ಇದನ್ನು ಹಿಂದೆ ಮುಂದೆ ತಿರುವಿ ತಿರುವಿ ಓದಿದೆ. ಮಾಡದ ಪರೀಕ್ಷೆಯಲ್ಲಿ ದೋಷ ಹೇಗೆ ಕಾಣಬೇಕು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕೇಳಿದ್ದೆ, ಕಣ್ಣು ಮುಚ್ಚಿ ಸಹಿ ಹಾಕುವುದನ್ನು ಈಗ ಕಂಡೆ. ಡಾಕ್ಟರಬಾಯಿ ಅಷ್ಟು ಓದಿಯೂ ಗೊತ್ತಿಲ್ಲ ಅಂತಾರ, ನೀವು ನೋಡದಽ ಗೊತ್ತೈತಿ ಅಂತೀರಿ. ಅಲ್ರೀ, ನಾಚಿಕಿ ಅನ್ನೂದು ಒಂದು ಐತೋ ಇಲ್ಲೋ? ಇನ್ನೂ ಸಿದ್ಧವಾಗಿಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. ಬಾವಿಯ ಆಳ ಗೊತ್ತಿಲ್ಲ ಎಂದರೆ ಕೂಸನ್ನು ಇಳಿಬಿಟ್ಟು ನೋಡುತ್ತೇವೆಯೇ?

‘ಬೇರೆ ನೀರು ಕುಡಿಯಿರಿ’ ಎಂದು ನಿಮ್ಮ ಕಚೇರಿಯ ಒಬ್ಬರು ಫೋನಿನಲ್ಲಿ ಪುಕ್ಕಟೆ ಸಲಹೆ ಕೊಟ್ಟರು. ಯಾವುದು ಸ್ವಾಮಿ ಆ ಬೇರೆ ನೀರು? ಶುದ್ಧ ನೀರಿನ ಘಟಕದ್ದೇ? ಅದು ಬರುವುದು ಪ್ಲಾಸ್ಟಿಕ್ ಕ್ಯಾನಿನಲ್ಲಿ, ದಿನವಿಡೀ ಗಾಡಿಯ ಮೇಲೆ ಬಿಸಿಲುಂಡು. ಗೀರು ಬಿದ್ದು ಬಿದ್ದು ಆ ಕ್ಯಾನಿನ ಮೈ ಮಬ್ಬಾಗಿದೆ. ಹೊಲದ ಬಾವಿಯದ್ದೇ? ಕಬ್ಬಿಗೆ ಸುರಿದ ಗೊಬ್ಬರವೆಲ್ಲ ಇಳಿದು ಅದರ ನೀರನ್ನು ಎಮ್ಮೆಯೂ ಮೂಸುವುದಿಲ್ಲ. ಕೃಷ್ಣಾ ಹೊಳೆಯದ್ದೇ? ನೆರೆ ಇಳಿದ ಮೇಲೆ ದಂಡೆಯ ಜಾಲಿಗಿಡಗಳಿಗೆ ನೇತಾಡುವ ಚೀಲಗಳನ್ನು ಒಮ್ಮೆ ಬಂದು ನೋಡಿ. ಮಳೆಯಲ್ಲೂ ಸಿಕ್ಕಿದೆಯಂತೆ. ಇಷ್ಟೆಲ್ಲಕ್ಕೂ ನೀವೊಬ್ಬರೇ ಕಾರಣ ಎನ್ನುವಷ್ಟು ಮೂರ್ಖಳಲ್ಲ ನಾನು. ಜಗತ್ತಿನ ಪ್ಲಾಸ್ಟಿಕ್ಕನ್ನೆಲ್ಲ ಗುಡಿಸಿ ತೆಗೆಯಿರಿ ಎಂದು ಕೇಳುತ್ತಿಲ್ಲ. ನಮ್ಮ ತಲೆಯ ಮೇಲೆ ನೀವೇ ಇಟ್ಟ ಒಂದು ಟಾಕಿಯ ಬಗ್ಗೆ ಕೇಳುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟು. ಆ ಟಾಕಿಯನ್ನು ಇಳಿಸಿ. ಸಿಮೆಂಟಿನದು ಕಟ್ಟಿಸುತ್ತೀರೋ ಸ್ಟೀಲಿನದು ಕೂಡಿಸುತ್ತೀರೋ, ನಿಮ್ಮ ಎಂಜಿನಿಯರರು ಹೇಳಲಿ. ಈ ಕಣಗಳನ್ನು ಹುಡುಕಬಲ್ಲ ಪ್ರಯೋಗಾಲಯ ಎಲ್ಲಿದೆಯೋ ಅಲ್ಲಿಗೆ ನಮ್ಮ ನೀರು ಕಳಿಸಿ. ಅದಾಗುವ ತನಕ ‘ಯೋಗ್ಯ’ ಎಂಬ ಆ ಶಬ್ದವನ್ನು ವಾಪಸು ತೆಗೆದುಕೊಂಡು, ‘ನಮಗೆ ಗೊತ್ತಿಲ್ಲ’ ಎಂದು ನಿಮ್ಮ ಸಹಿ ಹಾಕಿ ಕೊಡಿ. ಅದನ್ನು ಓದಿಯಾದರೂ ನನ್ನ ಮಗಳು ತನ್ನನ್ನು ತಾನು ಬೈದುಕೊಳ್ಳುವುದನ್ನು ಬಿಟ್ಟಾಳು.

ಇದ್ಯಾವುದೂ ಆಗುವುದಿಲ್ಲ ಎಂದರೆ ಒಂದು ಕರೆ ಇದೆ. ನಮ್ಮಲ್ಲಿ ಕೂಸಿಗೆ ಮೊದಲ ತುತ್ತು, ಮೊದಲ ಗುಟುಕು ಕೊಡುವುದು ಸೋದರಮಾವನ ಹಕ್ಕು. ಶುಭಾಂಗಿಗೆ ಅಣ್ಣತಮ್ಮಂದಿರಿಲ್ಲ, ನಾನು ಹೆತ್ತದ್ದು ಅವಳೊಬ್ಬಳನ್ನೇ. ಆ ಮಣೆ ಖಾಲಿ ಇದೆ. ಮುಂದಿನ ವಾರ ನೀವೇ ಬನ್ನಿ. ಟಾವೆಲ್ಲು ಟೊಪ್ಪಿಗೆ ಹಾಕಿ, ಕುಂಕುಮ ಹಚ್ಚಿ ಮರ್ಯಾದೆ ಮಾಡುತ್ತೇವೆ. ಹೋಳಿಗೆ ಊಟ ಹಾಕುತ್ತೇವೆ. ಸನ್ಮತಿಯನ್ನು ನಿಮ್ಮ ತೊಡೆಯ ಮೇಲೆ ಕೂಡಿಸುತ್ತೇನೆ. ಹೊಸಬರನ್ನು ಕಂಡರೆ ಅಳುವ ಕೂಸಲ್ಲ, ನಗುತ್ತಾನೆ, ಚಮಚ ಕಂಡರೆ ತಾನಾಗಿಯೇ ಬಾಯಿ ತೆರೆಯುತ್ತಾನೆ. ನಿಮ್ಮ ಟಾಕಿಯ ನೀರನ್ನು ಬೆಳ್ಳಿ ಬಟ್ಟಲಲ್ಲಿ ನಿಮ್ಮ ಕೈಗೆ ಕೊಡುತ್ತೇನೆ. ಅವನ ತಾಯಿ ಎದುರಿಗೆ ಕೂತು ನಿಮ್ಮ ಮುಖವನ್ನೇ ನೋಡುತ್ತಿರುತ್ತಾಳೆ. ನೀರು ಯೋಗ್ಯವಾಗಿದ್ದರೆ, ಕುಡಿಸಿ.

ಇಂತಿ,
ನಿಮ್ಮ ಕಚೇರಿಗೆ ತಲೆನೋವು, ಒಂದು ಕೂಸಿಗೆ ಅಜ್ಜಿ,
ಅಕ್ಕುತಾಯಿ
ಹುಣಸಿ ಮಳಾ, ಶಿರಗುಪ್ಪಿ ಹತ್ತಿರ, ತಾಲೂಕು ಕಾಗವಾಡ